ಇಪ್ಪತ್ತೊಂದನೇ ದಿನದ ಪ್ರಶ್ನೆ

ಬೆಳಿಗ್ಗೆ ಹತ್ತೂವರೆ. ಮಂಡ್ಯ ಸೀಮೆಯ ಒಂದು ಊರು. ಆಶಾ ಕಾರ್ಯಕರ್ತೆಯ ಹಿಂದೆ ನೀವೂ ಹೊಸ್ತಿಲು ದಾಟಿ ಬನ್ನಿ. ಬಾಣಂತಿ ಕೋಣೆಯ ಕತ್ತಲಿಗೆ ಕಣ್ಣು ಒಗ್ಗಲು ಒಂದು ಗಳಿಗೆ ಬೇಕು. ಇರುವ ಒಂದೇ ಕಿಟಕಿಯ ಸಂದಿಗೆ ಗಾಳಿ ಬಾರದಂತೆ ಹಳೇ ಸೀರೆ ತುರುಕಿದ್ದಾರೆ. ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಎದೆಹಾಲಿನ ವಾಸನೆ ಒಂದರೊಳಗೊಂದು ಬೆರೆತಿವೆ. ಗೋಡೆಗೊರಗಿ ಕೂತವಳ ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಪಕ್ಕದ ತಟ್ಟೆಯಲ್ಲಿ ಮೆಣಸಿನ ಸಾರನ್ನ ಕಲಸಿದ ಹಾಗೇ ಇದೆ. ಮೇಲಿನ ಅಗುಳು ಒಣಗಿ ಬಿರುಸಾಗಿದೆ.

ಹೆರಿಗೆಯಾಗಿ ಇಂದಿಗೆ 21 ದಿನ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಇದು ನಾಲ್ಕನೇ ಭೇಟಿ. ಆಕೆ ಸೋಪು ಹಚ್ಚಿ ಕೈ ತೊಳೆದು, ಚೀಲದಿಂದ ಥರ್ಮಾಮೀಟರ್ ತೆಗೆಯುತ್ತಾಳೆ. ಕೂಸನ್ನು ಜೋಲಿಯಲ್ಲಿ ಮಲಗಿಸಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನೋಡುತ್ತಾಳೆ. ಮೂರು ಕೆಜಿ ಇನ್ನೂರು ಗ್ರಾಂ.

“ಕೂಸು ಚೆನ್ನಾಗದೆ ಕಣವ್ವ,” ಬಾಗಿಲಲ್ಲಿ ನಿಂತ ಬಾಣಂತಿಯ ತಾಯಿ ಹೇಳುತ್ತಾರೆ. “ಇವಳೇ ಸರಿಯಾಗಿ ಉಣ್ಣಕಿಲ್ಲ. ಕೂಸು ಅತ್ರೂ ಸುಮ್ಕೆ ನೋಡ್ತಾ ಕೂತಿರ್ತಾಳೆ. ಗಾಳಿಗೀಳಿ ಏನಾರ ಸೋಕ್ತೋ ಏನೋ.”

ಆಶಾ ತಕ್ಕಡಿ ಮಡಚಿಡುತ್ತಾಳೆ. “ಅವ್ವಾ, ಕುಡಿಯಕ್ಕೆ ಒಸಿ ಬಿಸಿನೀರು ಕಾಯಿಸ್ಕೊಂಡು ಬನ್ನಿ.” ಅವರು ಒಲೆಯತ್ತ ಹೋದ ಮೇಲೆ ನೆಲದ ಮೇಲೆ ಬಾಣಂತಿಯ ಪಕ್ಕ ಕೂರುತ್ತಾಳೆ.

“ಕೂಸು ಚೆನ್ನಾಗದೆ. ನೀನು ಹೆಂಗಿದ್ದೀಯವ್ವ?”

ಉತ್ತರವಿಲ್ಲ. ನಡುಮನೆಯ ಗಡಿಯಾರದ ಸದ್ದು ನಿಮಗೂ ಕೇಳುತ್ತದೆ. ಆಶಾ ಆತುರಪಡುವುದಿಲ್ಲ, ಬೇರೆ ಮಾತೂ ಎತ್ತುವುದಿಲ್ಲ. ಬಾಣಂತಿಯ ಬೆರಳು ಸೀರೆಯ ಸೆರಗನ್ನು ಸುತ್ತುತ್ತದೆ, ಬಿಚ್ಚುತ್ತದೆ, ಮತ್ತೆ ಸುತ್ತುತ್ತದೆ.

“ಕೂಸು ಮಲಗಿದ್ರೂ ನಂಗೆ ನಿದ್ದೆ ಬರಕಿಲ್ಲ ಅಕ್ಕ. ಎಲ್ರೂ ಇದರ ಮೊಕ ನೋಡಿ ನಗ್ತಾರೆ. ನಂಗೆ ಏನೂ ಅನ್ಸಕಿಲ್ಲ. ನಾನೆಂಥ ತಾಯಿ?”

ಮಾತು ಅಲ್ಲಿಗೆ ನಿಂತು ಅಳು ಬರುತ್ತದೆ. ಇದು ಎರಡನೇ ಹೆಣ್ಣು. ಗಂಡ ಬಂದು ನೋಡಿಹೋದದ್ದು ಒಂದೇ ಸಲ.

ಹೆತ್ತ ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಸಹಜ. ಬಸುರಿನಲ್ಲಿ ಏರಿದ್ದ ಹಾರ್ಮೋನುಗಳು ಆ ದಿನಗಳಲ್ಲಿ ಒಮ್ಮೆಲೇ ಇಳಿಯುತ್ತವೆ. ಎರಡು ವಾರದೊಳಗೆ ಆ ಮೋಡ ತಾನಾಗಿ ಸರಿಯುತ್ತದೆ. ಎರಡು ವಾರ ದಾಟಿಯೂ ನಿದ್ದೆ, ಹಸಿವು, ಅಕ್ಕರೆ ಮರಳದಿದ್ದರೆ ಅದು ಖಿನ್ನತೆಯಿರಬಹುದು. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಇದು ಕಂಡಿತ್ತು. ಹಣದ ಮುಗ್ಗಟ್ಟು, ಮನೆಯೊಳಗಿನ ಹಿಂಸೆ, ಗಂಡನ ಆಸರೆ ಇಲ್ಲದಿರುವುದು, ಹೆಣ್ಣು ಹುಟ್ಟಿತೆಂಬ ಮೂದಲಿಕೆ, ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ಗಾಳಿ ಸೋಕಿದ್ದಲ್ಲ ಇದು.

ಆಶಾ ಇನ್ನೂ ಒಂದು ಪ್ರಶ್ನೆ ಕೇಳಲೇಬೇಕು. ದನಿ ತಗ್ಗಿಸುತ್ತಾಳೆ. “ಸತ್ತೋಗಬೇಕು, ಕೂಸಿಗೆ ಏನಾರ ಮಾಡಬೇಕು ಅಂತ ಅನ್ಸ್ತದಾ?” ಬಾಣಂತಿ ತಲೆ ಅಲ್ಲಾಡಿಸುತ್ತಾಳೆ, ಇಲ್ಲ. ಹೌದು ಎಂದಿದ್ದರೆ, ಅಥವಾ ಇಲ್ಲದ ದನಿ ಕೇಳಿಸುತ್ತದೆ ಎಂದಿದ್ದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಸ್ಥಿತಿಗೆ ತಡ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2009ರಿಂದ ತಾಯಿ-ಮಗುವಿನ ಘಟಕವಿದೆ. ಕೂಸನ್ನು ಮಗ್ಗುಲಲ್ಲೇ ಇಟ್ಟುಕೊಂಡು ತಾಯಿ ಅಲ್ಲಿ ಚಿಕಿತ್ಸೆ ಪಡೆಯುತ್ತಾಳೆ.

ಬಿಸಿನೀರು ಬರುತ್ತದೆ. ಈಗಿನ ಮಾತು ಬಾಣಂತಿಯ ತಾಯಿಗೆ. “ಅವ್ವಾ, ಜ್ವರ ಬಂದಂಗೆ ಇದೂ ಒಂದು ಕಾಯಿಲೆ. ವಾಸಿ ಆಯ್ತದೆ. ರಾತ್ರಿ ಹಾಲು ಕುಡಿಸಿದ ಮೇಲೆ ಕೂಸ ನೀವು ಎತ್ಕೊಳಿ. ನಾಕು ಗಂಟೆ ಇವಳು ಒಂದೇ ಸಮ ಮಲಗಲಿ. ಮತ್ತೆ ಹೆಣ್ಣಾ ಅನ್ನೋರನ್ನ ಒಳಗೆ ಬಿಡಬ್ಯಾಡಿ. ಅಳಿಯಂದಿರಿಗೆ ನಾನೇ ಫೋನ್ ಮಾಡ್ತೀನಿ. ನಾಳೆ ಡಾಕ್ಟರ ಹತ್ರ ಹೋಗಮ.” ತಾಯಿ ಕಾರ್ಡಿನ ಹಿಂಬದಿಯಲ್ಲಿ ಆಶಾ ದಪ್ಪ ಅಕ್ಷರದಲ್ಲಿ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಬರೆಯುತ್ತಾಳೆ: 14416. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಷ್ಟರಿಂದ ಏನಾದೀತು ಎನ್ನಬೇಡಿ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಆರೋಗ್ಯ ಕಾರ್ಯಕರ್ತೆಯರಿಗೆ ಮಾತಿನ ಆರೈಕೆ ಕಲಿಸಿ, ಖಿನ್ನತೆಯಲ್ಲಿದ್ದ ಗರ್ಭಿಣಿಯರ ಮನೆಗೆ ಕಳಿಸಿದರು. ಫಲಿತಾಂಶ 2008ರಲ್ಲಿ ಹೊರಬಂತು. ಮಗುವಿಗೆ ಆರು ತಿಂಗಳಾಗುವಾಗ ಆ ಆರೈಕೆ ಸಿಕ್ಕ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 23 ಮಂದಿಯಲ್ಲಿ. ಸಿಗದವರಲ್ಲಿ 53.

ನಮ್ಮ ಬಾಣಂತನದಲ್ಲಿ ತವರಿದೆ, ಎಣ್ಣೆನೀರಿದೆ, ಪಥ್ಯವಿದೆ. ಮೈಗೆ ಬೇಕಾದದ್ದನ್ನೆಲ್ಲ ಹಿರಿಯರು ಯೋಚಿಸಿದ್ದಾರೆ. ಮನಸ್ಸಿನ ಮಾತೊಂದನ್ನು ಅದಕ್ಕೆ ಸೇರಿಸಿಕೊಳ್ಳಬೇಕು, ಅದೂ ಹೆರಿಗೆಗೆ ಮೊದಲೇ. ಏಳನೇ ತಿಂಗಳಲ್ಲಿ ಮಡಿಲು ತುಂಬುವಾಗಲೇ ಬಸುರಿಗೂ ಅವಳ ಗಂಡನಿಗೂ ಹೇಳಿಡಿ: ಹೀಗೂ ಆಗಬಹುದು, ಆದರೆ ಬಚ್ಚಿಡಬೇಡಿ, ವಾಸಿಯಾಗುತ್ತದೆ.

ಹೊರಗೆ ಬರುವಾಗ ಹಿಂತಿರುಗಿ ನೋಡಿ. ಕಿಟಕಿಗೆ ತುರುಕಿದ ಸೀರೆಯನ್ನು ತಾಯಿ ಎಳೆದು ತೆಗೆಯುತ್ತಿದ್ದಾರೆ. ಬಿಸಿಲಿನ ಒಂದು ಪಟ್ಟಿ ಬಾಣಂತಿಯ ಪಾದದ ಮೇಲೆ ಬಿದ್ದಿದೆ.

ಮುಂದಿನ ಸಲ ಬಾಣಂತಿ ನೋಡಲು ಹೋದಾಗ ಕೂಸನ್ನು ಎತ್ತಿಕೊಳ್ಳುವ ಮೊದಲು ಅವಳ ಪಕ್ಕ ಕೂತುಕೊಳ್ಳಿ. ನೀನು ಹೇಗಿದ್ದೀಯ ಎಂದು ಕೇಳಿ. ಉತ್ತರ ಬರುವವರೆಗೂ ಏಳಬೇಡಿ.