ಭಾನುವಾರ ಅಲ್ಲದ ದಿನಗಳು – 7: ಟ್ಯಾಲಿ ಆದ ಲೆಕ್ಕ

ಫೋಟೋದಲ್ಲಿ ಕಾಣ್ತಿರೋದು ಎಂಟು ರೂಪಾಯಿ. ಒಂದು ಐದರ ಕಾಯಿನ್, ಒಂದು ಎರಡರದ್ದು, ಒಂದು ಒಂದರದ್ದು. ಪರ್ಸಿನ ಒಳಗಿನ ಜಿಪ್ಪಲ್ಲಿ ಇಟ್ಕೊಂಡಿದ್ದೀನಿ, ಖರ್ಚು ಮಾಡಿಲ್ಲ. ಇದು ಹೇಗೆ ಬಂತು ಅಂತ ಇವತ್ತು ಹೇಳ್ತೀನಿ. ಉದ್ದ ಇದೆ, ಟೈಮ್ ಇದ್ದಾಗ ಓದಿ.

ಮೊದಲೇ ಒಂದು ಮಾತು. ನನ್ನ ಕ್ಲಾಸಿನವರಲ್ಲಿ ಹೆಚ್ಚಿನವರು ಕ್ರಿಶ್ಚಿಯನ್ ಅಲ್ಲ ಅಂತ ಗೊತ್ತು. ನಿಮ್ಮನ್ನ ಚರ್ಚಿಗೆ ಕರೆಯೋಕೆ ಇದನ್ನ ಬರೀತಿಲ್ಲ. ಚರ್ಚಿಗೆ ಹೋಗೋ ನಾನು ಏನು ಮಾಡಿದೆ ಅನ್ನೋದನ್ನ ಬರೀತಿದ್ದೀನಿ.

ನಮ್ಮ ಮನೆ ಮೊಳಕಾಲ್ಮೂರಲ್ಲಿ. ಅಪ್ಪ ರೇಷ್ಮೆ ಸೀರೆ ನೇಯ್ತಾರೆ, ಅಮ್ಮ ನೂಲು ಸುತ್ತುತ್ತಾರೆ. ನಾನು ಓದೋದು ಚಳ್ಳಕೆರೆಯಲ್ಲಿ, ವಾರಪೂರ್ತಿ ಇಲ್ಲೇ ರೂಮಲ್ಲಿರ್ತೀನಿ. ಒಂದು ಕಾಲಕ್ಕೆ ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು ಇದು, ಹಳಬರು ಈಗಲೂ ಎಣ್ಣೆ ನಗರ ಅಂತಾರೆ. ಶೇಂಗಾ ಸೀಸನ್ನಲ್ಲಿ ಕಾಲೇಜು ಮುಗಿಸಿ ಒಂದು ಅಂಗಡಿಗೆ ಲೆಕ್ಕ ಬರೆಯೋಕೆ ಹೋಗ್ತಿದ್ದೆ. ತಿಂಗಳಿಗೆ 3,500 ರೂಪಾಯಿ. ಹಮಾಲರು ಚೀಲ ತೂಗಿ ತೂಕ ಕೂಗ್ತಾರೆ, ನಾನು ರಫ್ ಪ್ಯಾಡಲ್ಲಿ ಬರ್ಕೊಂಡು ಆಮೇಲೆ ಬಿಲ್ಲಿಗೆ ಏರಿಸಬೇಕು. ಇಷ್ಟೇ ಕೆಲಸ.

ಒಂದು ದಿನ ಸಿದ್ದಾಪುರದ ಕಡೆಯ ಹಳ್ಳಿಯಿಂದ ಒಬ್ಬ ತಾತ 11 ಚೀಲ ಶೇಂಗಾ ತಂದಿದ್ರು. ತೂಕ ಆಯ್ತು, ಬಿಲ್ ಆಯ್ತು, ದುಡ್ಡು ಎಣಿಸಿಕೊಂಡು ಹೋದ್ರು. ಸಂಜೆ ಬಾಗಿಲು ಹಾಕೋ ಹೊತ್ತಿಗೆ ರಫ್ ಪ್ಯಾಡ್ ನೋಡಿದ್ರೆ ನಾಲ್ಕನೇ ಚೀಲ 37 ಕೆಜಿ. ಬಿಲ್ಲಲ್ಲಿ ನಾನು ಬರೆದಿರೋದು 31. ಆವತ್ತಿನ ರೇಟು ಕೆಜಿಗೆ 62. ಅಂದ್ರೆ ತಾತನಿಗೆ 372 ರೂಪಾಯಿ ಕಮ್ಮಿ ಹೋಗಿತ್ತು.

ಮಾಲೀಕರಿಗೆ ಹೇಳಿದೆ. ಅವರು ಪ್ಯಾಡ್ ಕಡೆ ನೋಡಲೂ ಇಲ್ಲ. "ಒಣಗಿದ್ರೆ, ಮಣ್ಣು ಉದುರಿದ್ರೆ ಅಷ್ಟು ಹೋಗೇ ಹೋಗುತ್ತೆ. ಬಿಡಮ್ಮ, ಲೆಕ್ಕ ಟ್ಯಾಲಿ ಆಗಿದೆಯಲ್ಲ" ಅಂದ್ರು.

ನಿಜ ಹೇಳ್ಲಾ? ನನಗೆ ಬೇಜಾರಾಗ್ಲಿಲ್ಲ. ಸಮಾಧಾನ ಆಯ್ತು. ಬೈಗುಳ ತಪ್ಪಿತು, ನನ್ನ ದುಡ್ಡು ಹೋಗ್ಲಿಲ್ಲ, ಜೊತೆಗೆ "ನಾನಂತೂ ಹೇಳಿದೀನಿ" ಅನ್ನೋ ಧೈರ್ಯ ಬೇರೆ. ರೂಮಿಗೆ ಬಂದು ಪ್ರಾರ್ಥನೆ ಮಾಡಿ ಮಲಗಿದೆ. ಚೆನ್ನಾಗಿ ನಿದ್ದೆನೂ ಬಂತು.

ಕಾಮರ್ಸ್ ಫ್ರೆಂಡ್ಸ್, ರೆಕ್ಟಿಫಿಕೇಶನ್ ಆಫ್ ಎರರ್ಸ್ ಚಾಪ್ಟರ್ ನೆನಪಿದೆಯಾ? ಕೆಲವು ತಪ್ಪುಗಳನ್ನ ಟ್ರಯಲ್ ಬ್ಯಾಲೆನ್ಸ್ ಹಿಡಿದುಕೊಡುತ್ತೆ. ಕೆಲವನ್ನ ಹಿಡಿಯಲ್ಲ. ಮೊದಲ ಸಲ ಬರೆಯುವಾಗಲೇ ಅಂಕಿ ತಪ್ಪಿದ್ರೆ ಡೆಬಿಟ್ಟಿಗೂ ಅದೇ ತಪ್ಪು, ಕ್ರೆಡಿಟ್ಟಿಗೂ ಅದೇ ತಪ್ಪು. ಎರಡು ಕಡೆ ಮೊತ್ತ ಒಂದೇ ಬರುತ್ತೆ. ಎರರ್ ಆಫ್ ಒರಿಜಿನಲ್ ಎಂಟ್ರಿ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದಿದ್ದೆ. ಅದು ನನ್ನ ಬಗ್ಗೆನೇ ಅಂತ ಗೊತ್ತಿರಲಿಲ್ಲ.

ಯಾಕಂದ್ರೆ ನನ್ನ ಲೆಕ್ಕಾನೂ ಹೊರಗಿಂದ ಟ್ಯಾಲಿ ಆಗಿತ್ತು. ಶನಿವಾರ ಊರಿಗೆ ಹೋಗೋದು, ಭಾನುವಾರ ಆರಾಧನೆ, ಹಾಡೋ ಗುಂಪಲ್ಲಿ ಮೊದಲ ಸಾಲು, ಕಾಣಿಕೆ ಚೀಲಕ್ಕೆ 20 ರೂಪಾಯಿ. ಯಾರು ನೋಡಿದ್ರೂ ವ್ಯತ್ಯಾಸ ಕಾಣಲ್ಲ. ಆರು ಕೆಜಿ ಎಲ್ಲಿ ಹೋಯ್ತು ಅಂತ ಗೊತ್ತಿದ್ದಿದ್ದು ನನಗೆ ಮಾತ್ರ. ಹಾಗಂತ ನಾನು ಅಂದ್ಕೊಂಡಿದ್ದೆ.

ಎರಡು ಭಾನುವಾರ ಹೀಗೇ ಹೋಯ್ತು. ಮೂರನೇ ಭಾನುವಾರ ಪಾಸ್ಟರ್ ಮತ್ತಾಯ 5ನೇ ಅಧ್ಯಾಯ ತೆಗೆದ್ರು, ಬೆಟ್ಟದ ಮೇಲಿನ ಪ್ರಸಂಗ. ಚಿಕ್ಕಂದಿನಿಂದ ಕೇಳಿರೋ ಭಾಗವೇ. ಕಾಣಿಕೆ ಕೊಡೋಕೆ ಬಂದಾಗ ಯಾರಿಗಾದ್ರೂ ನಿನ್ನ ಮೇಲೆ ನೋವಿದೆ ಅಂತ ನೆನಪಾದ್ರೆ, ಕಾಣಿಕೇನ ಅಲ್ಲೇ ಇಟ್ಟು ಮೊದಲು ಅವರ ಹತ್ರ ಹೋಗಿ ಸರಿ ಮಾಡ್ಕೊಂಡು ಬಾ ಅಂತಾನೆ ಯೇಸು. ನಾನು ಯಾವಾಗಲೂ ಇದನ್ನ ಜಗಳದ ವಿಷಯ ಅಂದ್ಕೊಂಡಿದ್ದೆ. ಮಾತು ಬಿಟ್ಟವರ ಹತ್ರ ಮತ್ತೆ ಮಾತಾಡೋದು, ಅಷ್ಟೇ. ಆವತ್ತು ಕಾಣಿಕೆ ಚೀಲ ನಮ್ಮ ಸಾಲಿಗೆ ಬಂದಾಗ ಕೈಯಲ್ಲಿದ್ದ 20 ರೂಪಾಯಿ ಹಾಕೋಕಾಗ್ಲಿಲ್ಲ. ಯಾರ ದುಡ್ಡಲ್ಲಿ ದೇವರಿಗೆ ಕೊಡ್ತಿದ್ದೀನಿ ಅನ್ನಿಸ್ತು.

ಆಮೇಲೆ ಜಕ್ಕಾಯ ನೆನಪಾದ. ಸಂಡೇ ಸ್ಕೂಲಲ್ಲಿ ಅವನು ನಮಗೆ ಕಾಮಿಡಿ: ಯೇಸುವನ್ನ ನೋಡೋಕೆ ಮರ ಹತ್ತಿದ ಕುಳ್ಳ. ಆದ್ರೆ ಅವನು ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಲೆಕ್ಕದ ಮನುಷ್ಯ, ನಮ್ಮ ಲೈನಿನವನೇ. ಯೇಸು ಅವನ ಮನೆಗೆ ಅತಿಥಿಯಾಗಿ ಹೋಗ್ತಾನೆ. ಆಮೇಲೆ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ದನ್ನ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತಾನೆ. ಆರ್ಡರ್ ಗಮನಿಸಿ. "ಲೆಕ್ಕ ಸರಿ ಮಾಡಿ ಇಡು, ಆಮೇಲೆ ಬರ್ತೀನಿ" ಅಂತ ಯೇಸು ಷರತ್ತು ಹಾಕ್ಲಿಲ್ಲ. ಮೊದಲು ಮನೆಗೆ ಬಂದ. ಪ್ರೀತಿ ಸಿಕ್ಕಿದ ಮೇಲೆ ಅವನಿಗೆ ಸುಳ್ಳು ಲೆಕ್ಕ ಇಟ್ಕೊಳ್ಳೋಕೆ ಆಗ್ಲಿಲ್ಲ. ನಾನು ಪ್ರೀತಿಯನ್ನ ತಗೊಂಡಿದ್ದೆ, ಲೆಕ್ಕ ಹಾಗೇ ಇಟ್ಕೊಂಡಿದ್ದೆ.

ನಾಲ್ಕರಷ್ಟು ಅಂದ್ರೆ 1,488. ಅಷ್ಟು ನನ್ನ ಹತ್ರ ಇರಲಿಲ್ಲ. ಇದ್ದಿದ್ರೆ ಕೊಡ್ತಿದ್ನಾ? ಗೊತ್ತಿಲ್ಲ.

ಆವತ್ತು ಮಧ್ಯಾಹ್ನವೇ ಹೊರಟೆ. ಬಿಲ್ಲಲ್ಲಿ ತಾತನ ಹೆಸರು, ಊರು ಇತ್ತು. ನಮ್ಮ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರದ ಅಶೋಕನ ಶಾಸನ ನಿಮಗೆಲ್ಲ ಗೊತ್ತು, ಹೈಸ್ಕೂಲಲ್ಲಿ ಓದಿದ್ದೀವಿ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದಿದ್ದು. ತಂದೆತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ ಆ ಬಂಡೆ ಮೇಲಿದೆ. ಕೊನೆಯಲ್ಲಿ ಅದನ್ನ ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಆಟೋದಲ್ಲಿ ಆ ಕಡೆ ಹೋಗ್ತಾ ಒಂದು ಯೋಚನೆ ಬಂತು. ಸತ್ಯ ಹೇಳ್ಬೇಕು ಅನ್ನೋದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಚರ್ಚಲ್ಲಿ ಕೇಳಿದ್ದೀನಿ, ಶಾಲೆಯಲ್ಲಿ ಓದಿದ್ದೀನಿ, ನಮ್ಮೂರ ಬಂಡೆ ಮೇಲೇ ಎರಡು ಸಾವಿರ ವರ್ಷಕ್ಕಿಂತ ಹಿಂದಿನಿಂದ ಇದೆ. ಬೋಧನೆಗೆ ಏನೂ ಕೊರತೆ ಇರಲಿಲ್ಲ. ಹೋಗಿ ಹೇಳೋಕೆ ನನಗೆ ಕಾಲು ಬರ್ತಿರಲಿಲ್ಲ, ಅಷ್ಟೇ.

ತಾತ ಮನೆ ಮುಂದಿನ ಕಟ್ಟೆ ಮೇಲೆ ಕೂತಿದ್ರು. ನಾನು ಯಾರು ಅಂತ ಹೇಳಿದೆ. 37ಕ್ಕೆ 31 ಬರೆದಿದ್ದು, ಆವತ್ತೇ ಗೊತ್ತಾಗಿದ್ದು, ಮೂರು ವಾರ ಸುಮ್ಮನಿದ್ದಿದ್ದು, ಎಲ್ಲಾ ಹೇಳಿದೆ. ಬಾಯಿ ಒಣಗಿತ್ತು. "ತಪ್ಪಾಯ್ತು ತಾತ" ಅಂತ 380 ರೂಪಾಯಿ ಕೊಟ್ಟೆ.

ತಾತ ಆಶ್ಚರ್ಯಪಡ್ಲಿಲ್ಲ. "ನಂಗೊತ್ತಿತ್ತು ಕಣವ್ವ" ಅಂದ್ರು. "ಚೀಲ ತುಂಬಿದೋನು ನಾನೇ. ಎಲ್ಲಾ ಒಂದೇ ಸಮ ತುಂಬಿದ್ದೆ. ಒಂದ್ರಾಗೆ ಮಾತ್ರ ಆರು ಕೆಜಿ ಹೆಂಗೆ ಕಮ್ಮಿ ಬರುತ್ತೆ?"

"ಮತ್ತೆ ಆವತ್ತೇ ಯಾಕೆ ಕೇಳ್ಲಿಲ್ಲ ತಾತ?"

"ಬರಿಯೋರು ನೀವು. ನಾವು ಕೇಳಿದ್ರೆ ನಂಬ್ತೀರಾ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನಾನು 372 ರೂಪಾಯಿ ವಾಪಸ್ ಕೊಡೋಕೆ ಹೋಗಿದ್ದೆ. ಅವರು ಕಳ್ಕೊಂಡಿದ್ದು ಅಷ್ಟೇ ಅಲ್ಲ ಅಂತ ಅಲ್ಲಿ ಗೊತ್ತಾಯ್ತು. ಪೆನ್ನು ಹಿಡಿದವರ ಮುಂದೆ ತಮ್ಮ ಮಾತಿಗೆ ಬೆಲೆ ಇಲ್ಲ ಅಂತ ಅವರು ಮೊದಲೇ ತೀರ್ಮಾನ ಮಾಡ್ಕೊಂಡಿದ್ರು. ಆ ತೀರ್ಮಾನಕ್ಕೆ ನಾನೂ ಒಂದು ಸಾಕ್ಷಿ ಸೇರಿಸಿದ್ದೆ.

ನಿನ್ನ ಮಾತೇ ಸಾಕಾಗಬೇಕು, ಆಣೆ ಹಾಕೋ ಪರಿಸ್ಥಿತಿ ಬರಬಾರದು ಅಂತ ಯೇಸು ಅದೇ ಪ್ರಸಂಗದಲ್ಲಿ ಹೇಳ್ತಾನೆ. ನಾನು ಬರೆದ ಅಂಕಿಯೂ ಒಂದು ಮಾತೇ ತಾನೆ?

ತಾತ ದುಡ್ಡು ಎಣಿಸಿದ್ರು. ಎಂಟು ರೂಪಾಯಿ ಜಾಸ್ತಿ ಇದೆ ಅಂದ್ರು. ಇರಲಿ ಬಿಡಿ ಅಂದೆ. ಕೇಳ್ಲಿಲ್ಲ. ಎದ್ದು ಪಕ್ಕದ ಅಂಗಡಿಗೆ ಹೋಗಿ ಚಿಲ್ಲರೆ ತಂದು ನನ್ನ ಕೈಗಿಟ್ರು. "ನಂದು ನಂಗೆ ಬಂತು. ನಿಂದು ನಂಗ್ಯಾಕವ್ವ?" ಆ ಎಂಟು ರೂಪಾಯಿನೇ ಫೋಟೋದಲ್ಲಿರೋದು. ತಾತ ಕ್ರಿಶ್ಚಿಯನ್ ಅಲ್ಲ. ಆವತ್ತು ಬೆಟ್ಟದ ಮೇಲಿನ ಪ್ರಸಂಗದ ಪ್ರಕಾರ ನಡ್ಕೊಂಡಿದ್ದು ನನಗಿಂತ ಅವರೇ.

ಸೋಮವಾರ ಮಾಲೀಕರಿಗೆ ಹೇಳಿದೆ. ನನ್ನನ್ನ ಕೇಳದೆ ಹೋದ್ರೆ ಅಂಗಡಿ ಹೆಸರು ಏನಾಗಬೇಕು ಅಂತ ಬೇಜಾರು ಮಾಡ್ಕೊಂಡ್ರು. ಮುಂದಿನ ವಾರ, ಸೀಸನ್ ಮುಗೀತಾ ಬಂತು, ಇನ್ನು ಬರೋದು ಬೇಡ ಅಂದ್ರು. ಸೀಸನ್ ಮುಗೀತಿದ್ದಿದ್ದೂ ನಿಜವೇ, ಹಾಗಾಗಿ ಅವರ ಮೇಲೆ ಏನೂ ಹೊರಿಸಲ್ಲ. ಆದ್ರೆ ಪರೀಕ್ಷೆ ಫೀಸಿಗೆ ಇಟ್ಕೊಂಡಿದ್ದ ಲೆಕ್ಕ ತಪ್ಪಿತು. ಒಳ್ಳೇದು ಮಾಡಿದ್ರೆ ದೇವರು ತಕ್ಷಣ ಡಬಲ್ ಕೊಡ್ತಾನೆ ಅನ್ನೋ ರೀಲ್ಸ್ ನೋಡಿರ್ತೀರಲ್ಲ? ನನಗೆ ಹಾಗೇನೂ ಆಗ್ಲಿಲ್ಲ. ಫೀಸು ಅಮ್ಮ ಚೀಟಿ ದುಡ್ಡಲ್ಲಿ ಕಟ್ಟಿದ್ರು.

ಅಮ್ಮ ಬೈತಾರೆ ಅಂದ್ಕೊಂಡಿದ್ದೆ. "ಕೆಲಸ ಹೋಗಿದ್ದಕ್ಕೆ ಬೇಜಾರಿಲ್ಲ. ಮೂರು ವಾರ ನನ್ನ ಪಕ್ಕ ಕೂತು ಹಾಡಿದ್ಯಲ್ಲ, ಅದಕ್ಕೆ" ಅಂದ್ರು. ಅಪ್ಪ ಏನೂ ಮಾತಾಡ್ಲಿಲ್ಲ, ಮಗ್ಗದಲ್ಲಿ ಕೂತಿದ್ರು. ಎಳೆ ತುಂಡಾದ್ರೆ ಅಪ್ಪ ಅಲ್ಲೇ ಮಗ್ಗ ನಿಲ್ಲಿಸ್ತಾರೆ, ಎಳೆ ಹುಡುಕಿ ಗಂಟು ಹಾಕಿ ಆಮೇಲೇ ಮುಂದಕ್ಕೆ ನೇಯೋದು. ಹುಟ್ಟಿದಾಗಿನಿಂದ ನೋಡ್ತಿದ್ದೀನಿ.

ಕೊನೆಗೆ ಒಂದು ವಿಷಯ. ಡಬಲ್ ಎಂಟ್ರಿ ಪದ್ಧತಿಯನ್ನ 1494ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಲೂಕಾ ಪಚಿಯೋಲಿ ಒಬ್ಬ ಕ್ರೈಸ್ತ ಸನ್ಯಾಸಿ. ಲೆಕ್ಕದ ಪುಸ್ತಕವನ್ನ ದೇವರ ಹೆಸರಿಂದ ಶುರು ಮಾಡಿ ಅಂತ ವ್ಯಾಪಾರಿಗಳಿಗೆ ಹೇಳಿದ್ದ. ನಮ್ಮ ಕಡೆ ಅಂಗಡಿಗಳಲ್ಲೂ ಪುಸ್ತಕದ ಮೇಲೆ ಶ್ರೀ ಅಂತ ಬರೀತಾರೆ. ದೇವರ ಹೆಸರು ಮೇಲೆ ಬರೆಯೋದು ಎಲ್ಲರಿಗೂ ಸುಲಭ. ಕಷ್ಟ ಇರೋದು ಅದರ ಕೆಳಗೆ, 37 ಇದ್ದ ಕಡೆ 37 ಅಂತ ಬರೆಯೋದ್ರಲ್ಲಿ.

ಈಗ ನಿಮಗೊಂದು ಪ್ರಶ್ನೆ. ಅದು ದುಡ್ಡೇ ಆಗಬೇಕಿಲ್ಲ. ಗ್ರೂಪ್ ಪ್ರಾಜೆಕ್ಟಲ್ಲಿ ಬಿಟ್ಟುಹೋದ ಯಾರದ್ದೋ ಹೆಸರು ಇರಬಹುದು, ಯಾರ ಬಗ್ಗೆನೋ ಹೇಳಿದ ಸುಳ್ಳು ಇರಬಹುದು. ನಿಮ್ಮ ಟ್ಯಾಲಿ ಆದ ಲೆಕ್ಕದಲ್ಲಿ ಯಾರ ಆರು ಕೆಜಿ ಇದೆ?

ಕಾಮೆಂಟಲ್ಲಿ ಹೇಳಬೇಡಿ. ಅವರಿಗೇ ಫೋನ್ ಮಾಡಿ.

ಭಾಗ 8 ಮುಂದಿನ ಬುಧವಾರ.

#ಭಾನುವಾರಅಲ್ಲದದಿನಗಳು #ಚಳ್ಳಕೆರೆ #ಮೊಳಕಾಲ್ಮೂರು #ಬಿಕಾಂಬದುಕು