ಹವಳಕ್ಕೆ ಬಣ್ಣ ಬಂದ ಬಗೆ

ದಿಲ್ಲಿಯಲ್ಲಿ ಎಲ್ಲವೂ ಸಿಗುತ್ತದೆ, ಸಮುದ್ರವೊಂದನ್ನು ಬಿಟ್ಟು. ಮುರ್ಡೇಶ್ವರದ ಕಡೆಯವರಾದ ನಮ್ಮನ್ನು ಈ ಕೊರತೆ ಇಪ್ಪತ್ತು ವರ್ಷಗಳಿಂದ ಕಾಡುತ್ತಿದ್ದುದುಂಟು. ಆದ್ದರಿಂದ ನಮ್ಮ ವಿಭಾಗದ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ, "ಎರಡಡಿ ಉದ್ದದ ಗಾಜಿನ ತೊಟ್ಟಿಯಿದೆ, ಉಪ್ಪುನೀರಿನದು. ನೋಡಿಕೊಳ್ಳುತ್ತೀರಾ?" ಎಂದಾಗ ಮನೆಯಲ್ಲಿ ಕೇಳದೆಯೇ ಹೂಂ ಎಂದುಬಿಟ್ಟೆವು. ಆರ್.ಕೆ. ಪುರದ ಸರಕಾರಿ ಕ್ವಾರ್ಟರ್ಸಿನ ಎರಡನೆಯ ಮಹಡಿಗೆ 60 ಲೀಟರ್ ಸಮುದ್ರ ಬಂದಿಳಿದದ್ದು ಹೀಗೆ.

ತೊಟ್ಟಿಯಲ್ಲಿ ಎರಡು ಮೀನು, ನಾಲ್ಕು ಕಲ್ಲು, ಕಲ್ಲಿನ ಮೇಲೆ ಅಣಬೆಯಾಕಾರದ ಒಂದು ಹವಳ. ಹವಳವೆಂದೊಡನೆ ಓದುಗರು ಗಾಬರಿಯಾಗಬಾರದು. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲೇ ಇವೆ. ಅಂಥದನ್ನು ಮನೆಯಲ್ಲಿಡುವ ಧೈರ್ಯ ಕೇಂದ್ರ ಸರಕಾರದ ಗುಮಾಸ್ತರಿಗೆಲ್ಲಿ ಬರಬೇಕು? ನಮ್ಮದು ತೊಗಲಿನಂಥ ಮೈಯ ಮೃದು ಹವಳ. ಅದರ ಕೊಡೆಯ ಮೇಲೆ ನೂರಾರು ಸಣ್ಣ ಕುಡಿಗಳು; ಗಾಳಿಗೆ ಗದ್ದೆಯ ಪೈರು ತೂಗಿದಂತೆ ಅವು ನೀರಿನಲ್ಲಿ ತೂಗುತ್ತಿದ್ದವು. ಬಣ್ಣ, ಹಾಲು ತುಸು ಹೆಚ್ಚಾದ ಕಾಫಿಯದು.

ಅದೇ ಸುಮಾರಿಗೆ ಊರಿನಿಂದ ಆಯಿಯೂ ಬಂದಳು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು ನಾವೇ ಹಟ ಹಿಡಿದು ಕರೆತಂದಿದ್ದೆವು. ಬಂದವಳು ಮಾತು ಕಡಿಮೆ ಮಾಡಿದಳು, ಆಮೇಲೆ ಊಟ ಕಡಿಮೆ ಮಾಡಿದಳು. ಏನು ಕೇಳಿದರೂ "ನಂಗೆ ಎಂತದೂ ಆಗಲಿಲ್ಲ" ಎಂಬ ಒಂದೇ ಉತ್ತರ.

2024ರ ಮೇ ತಿಂಗಳು. ದಿಲ್ಲಿಯಲ್ಲಿ ಕಾಗೆಯೂ ಬಾಯಿ ಕಳೆದು ಕೂರುವಂಥ ಸೆಕೆ. ಒಂದು ಬೆಳಿಗ್ಗೆ ನೋಡಿದರೆ ಹವಳ ಕುಡಿಗಳನ್ನೆಲ್ಲ ಒಳಗೆಳೆದುಕೊಂಡು ಮುದುಡಿ ಕೂತಿದೆ. ನಾಲ್ಕೈದು ದಿನಗಳಲ್ಲಿ ಕಾಫಿಯೆಲ್ಲ ಹೋಗಿ ಹಾಲೊಂದೇ ಉಳಿಯಿತು.

ಬಿ.ಎಸ್ಸಿ. ಓದಿದ್ದು ಇಪ್ಪತ್ತೈದು ವರ್ಷಗಳ ನಂತರ ಉಪಯೋಗಕ್ಕೆ ಬಂತು. ಹವಳ ಗಿಡವಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಕೋಶಗಳು ಬಿಡಾರ ಮಾಡಿರುತ್ತವೆ. ಬಿಸಿಲಿನಿಂದ ಅವು ಮಾಡಿದ ಅಡಿಗೆಯಲ್ಲಿ ಹೆಚ್ಚಿನ ಪಾಲು ಹವಳದ ಹೊಟ್ಟೆಗೆ; ಕಂದುಬಣ್ಣವೂ ಅವುಗಳದ್ದೇ. ಶಾಖವೋ ಬೆಳಕೋ ಮಿತಿಮೀರಿದರೆ ಹವಳವು ಈ ಬಿಡಾರದವರನ್ನು ಹೊರಹಾಕುತ್ತದೆ. ಬಿಳಿಚಿದ ಹವಳ ಸತ್ತದ್ದಲ್ಲ, ಉಪವಾಸ ಕೂತದ್ದು. ಬಿಡಾರದವರು ಬೇಗ ಮರಳಿದರೆ ಬದುಕುತ್ತದೆ, ಇಲ್ಲವಾದರೆ ಇಲ್ಲ.

ತಪ್ಪು ಯಾರದೆಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಹದಿನೈದು ದಿನಗಳ ಹಿಂದೆ ಹೊಸ ಎಲ್‌ಇಡಿ ದೀಪ ತಂದು, ಕೊಟ್ಟ ಹಣಕ್ಕೆ ಮೋಸವಾಗಬಾರದೆಂದು, ದಿನಕ್ಕೆ ಹತ್ತು ತಾಸು ಪೂರ್ತಿ ಉರಿಸಿದವರು ನಾವೇ. ನೀರಿನ ಉಷ್ಣತೆ 31 ಡಿಗ್ರಿಗೆ ಏರಿದ್ದನ್ನು ಗಮನಿಸದವರೂ ನಾವೇ.

ತಪ್ಪು ತಿಳಿದ ಮೇಲಾದರೂ ಸುಮ್ಮನಿದ್ದೆವೆ? ಇಲ್ಲ. ಹವಳವನ್ನು ಕಲ್ಲಿನಿಂದ ಕಲ್ಲಿಗೆ ಮೂರು ಸಲ ಎತ್ತಿಟ್ಟೆವು. ದಿನ ಬಿಟ್ಟು ದಿನ ನೀರು ಬದಲಿಸಿದೆವು. ಯಾವುದೋ ಟಾನಿಕ್ ತಂದು ಹನಿ ಹಾಕಿದೆವು. ನೀರಿನಲ್ಲಿ ನೈಟ್ರೇಟು, ಫಾಸ್ಫೇಟು ಎರಡೂ ಸೊನ್ನೆಗೆ ಬಂದಾಗ ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದಷ್ಟು ಸಂತೋಷಪಟ್ಟೆವು. ಇವು ಸ್ವಲ್ಪವಾದರೂ ಇಲ್ಲದ ನೀರಿನಲ್ಲಿ ಪಾಚಿಕೋಶಗಳಿಗೆ ಊಟವೇ ಇಲ್ಲ ಎಂಬುದು ತಿಳಿದದ್ದು ಆಮೇಲೆ. ಅತಿ ಮಡಿಯೂ ಕೊಲ್ಲುತ್ತದೆ.

ನಾಲ್ಕನೆಯ ಸಲ ತೋಳು ಮಡಿಸಿ ತೊಟ್ಟಿಗೆ ಕೈಹಾಕಿದಾಗ ಹಿಂದಿನಿಂದ ಆಯಿಯ ಧ್ವನಿ ಕೇಳಿತು: "ಅದನ್ನ ಸ್ವಲ್ಪ ಅದರಷ್ಟಕ್ಕೇ ಬಿಡು ತಮಾ. ಹೊತ್ತಿಗೊಂದು ಔಷಧಿ, ದಿನಕ್ಕೊಂದು ಜಾಗ. ಅದಾದರೂ ಎಷ್ಟು ತಡಕೊಳ್ತದೆ?"

ನಾವು ಕೈ ಹಿಂದಕ್ಕೆ ತೆಗೆದೆವು. ನಮ್ಮಾಕೆ ನಮ್ಮ ಮುಖ ನೋಡಿದಳು. ಆ ಎರಡು ತಿಂಗಳಲ್ಲಿ ಆಯಿಯನ್ನು ಮೂವರು ಡಾಕ್ಟರರಿಗೆ ತೋರಿಸಿದ್ದೆವು. ಎರಡು ಟಾನಿಕ್ ಬದಲಿಸಿದ್ದೆವು. ಬಾಲ್ಕನಿಯ ಕೋಣೆಯಿಂದ ಒಳಕೋಣೆಗೆ, ಅಲ್ಲಿಂದ ಹಾಲಿಗೆ ಅವಳ ಮಂಚ ಸಾಗಿಸಿದ್ದೆವು. ದಿನಕ್ಕೆ ಹತ್ತು ಸಲ "ಈಗ ಹೇಗಿದೆ?" ಎಂದು ಕೇಳುತ್ತಿದ್ದೆವು.

ಅಂದಿನಿಂದ ಒಂದು ವಾರಕ್ಕೆ ಒಂದೇ ಬದಲಾವಣೆ ಎಂದು ನಿಯಮ ಮಾಡಿಕೊಂಡೆವು. ದೀಪವನ್ನು ನೂರಕ್ಕೆ ನಲವತ್ತಕ್ಕಿಳಿಸಿ ಆರು ತಾಸಿಗೆ ನಿಲ್ಲಿಸಿದೆವು. ಮುಂದೆ ವಾರಕ್ಕೆ ಐದರಂತೆ ಏರಿಸಿದ್ದು. ತೊಟ್ಟಿಯ ಮೇಲೆ ಸಣ್ಣ ಫ್ಯಾನು ಕಟ್ಟಿದೆವು. ದಿಲ್ಲಿಯ ಒಣಗಾಳಿಗೆ ನೀರು ಆರಿ ಉಷ್ಣತೆ ನಿಧಾನವಾಗಿ 27ಕ್ಕಿಳಿಯಿತು. ಮೀನಿಗೆ ತುಸು ಹೆಚ್ಚು ಆಹಾರ ಹಾಕಿದೆವು. ಟಾನಿಕ್ ನಿಂತಿತು.

ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನು ದಿನವೂ ತುಂಬಬೇಕು. ಈ ಕೆಲಸವನ್ನು ಆಯಿ ತಾನಾಗಿ ವಹಿಸಿಕೊಂಡಳು. ಗಾಜಿನ ಮೇಲೆ ಎಳೆದ ಗೆರೆಯವರೆಗೆ, ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ, ಒಂದು ತಂಬಿಗೆ ಆರ್‌ಓ ನೀರು. ಹೊಯ್ದ ನಂತರ ಸ್ವಲ್ಪ ಹೊತ್ತು ಅಲ್ಲೇ ಕೂರುವಳು. ನಮ್ಮೂರ ಕಡಲಿನಲ್ಲಿ ಕಾಣುವ ನೇತ್ರಾಣಿ ಗುಡ್ಡದ ಬುಡದಲ್ಲೂ ಹವಳಗಳಿವೆ ಎಂದು ಹೇಳಿದಾಗ, "ಇಷ್ಟು ವರ್ಷ ಬರೀ ಗುಡ್ಡ ನೋಡಿದೆ" ಎಂದು ನಕ್ಕಳು. ಬಹಳ ದಿನಗಳ ಮೇಲಿನ ನಗು ಅದು.

ಅದೇ ಬೇಸಗೆಯಲ್ಲಿ ಲಕ್ಷದ್ವೀಪದ ಹವಳಗಳು ವ್ಯಾಪಕವಾಗಿ ಬಿಳಿಚಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಓದಿ ಹೇಳಿದಾಗ ಆಯಿ ಕೇಳಿದಳು: "ಅಲ್ಲಿ ಫ್ಯಾನು ಯಾರು ಕಟ್ಟುತ್ತಾರೆ?" ನಮ್ಮಲ್ಲಿ ಉತ್ತರವಿರಲಿಲ್ಲ.

ಮೂರನೆಯ ವಾರ ಹವಳ ಮೇಣದಂಥ ಪೊರೆ ಕಳಚಿತು. ಕೊಳೆಯಿತೆಂದು ನಾವು ಹೆದರಿದೆವು. ಅದು ಈ ಜಾತಿಯ ರೂಢಿಯಂತೆ. ಪೊರೆ ಹೋದ ಮೇಲೆ ಒಂದೊಂದೇ ಕುಡಿ ಹೊರಬಂತು. ಎರಡು ತಿಂಗಳಿಗೆ ಕಂದಿನ ಛಾಯೆ ಕಾಣಿಸಿತು. ಚೌತಿಯ ಹೊತ್ತಿಗೆ ಹಳೆಯ ಕಾಫಿ ಬಣ್ಣ ಬಂದಿತ್ತು.

ಚೌತಿಯ ಮರುದಿನ ಆಯಿ, "ದೀಪಾವಳಿಗೆ ಊರಿಗೆ ಹೋಗಬೇಕು" ಎಂದಳು. ನಮ್ಮೆದೆ ಧಸಕ್ಕೆಂದಿತು. ಬೇಡವೆನ್ನಲು ಬಾಯಿ ತೆರೆದವರು ತೊಟ್ಟಿಯ ಕಡೆ ನೋಡಿ ಸುಮ್ಮನಾದೆವು. "ಆಗಲಿ, ಟಿಕೆಟ್ ಮಾಡಿಸುತ್ತೇವೆ" ಎಂದೆವು.

"ಬರೀ ಹೋಗುವುದಲ್ಲ, ಬರುವುದನ್ನೂ ಮಾಡಿಸು" ಎಂದಳು ಆಯಿ. "ಹದಿನೈದು ದಿವಸ ಸಾಕು. ಅಷ್ಟು ದಿನ ಗೆರೆ ನೋಡಿ ನೀರು ಹೊಯ್ಯಿ, ಮರೆಯಬೇಡ."