ಕಣೇಕಲ್ಲಿನ ಕೆರೆಯ ಬಳಿ ಬೇಸಿಗೆಯ ನಾಲ್ಕು ದಿನ



ನಾವು ಬರಹಗಾರರಲ್ಲ. ಮೆಟ್ರಿಕ್ ಮುಗಿದ ವರ್ಷವೇ ನಮ್ಮ ತೀರ್ಥರೂಪರು ಅಂಗಡಿಯ ಗಾದಿಯ ಮೇಲೆ ಕೂರಿಸಿದರು. ಅಂದಿನಿಂದ ಶೇಂಗಾ, ಭತ್ತ, ಬೇಳೆಗಳ ವ್ಯಾಪಾರವೇ ನಮ್ಮ ವಿದ್ಯೆ. ಕೈಯಲ್ಲಿ ಪೆನ್ನು ಹಿಡಿಯುವುದು ಕಿರ್ದಿ-ಖಾತೆ ಬರೆಯುವುದಕ್ಕೆ ಮಾತ್ರ. ಆದರೂ ಕಳೆದ ಮೇ ತಿಂಗಳಲ್ಲಿ ಮೊಮ್ಮಕ್ಕಳೊಡನೆ ನಮ್ಮ ಊರ ಸುತ್ತ ತಿರುಗಾಡಿದ್ದನ್ನು, ಅದರಲ್ಲಿ ನಮ್ಮಿಂದಾದ ಒಂದು ತಪ್ಪನ್ನು ಬರೆದು ತಿಳಿಸಿದರೆ ನಮ್ಮಂಥ ಕುಟುಂಬಗಳಿಗೆ ಉಪಯೋಗವಾದೀತು ಎಂದು ನಮ್ಮ ಮನೆಯವರು ಹೇಳಿದ್ದರಿಂದ ಈ ನಾಲ್ಕು ಮಾತು.

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಮಗನ ಮಕ್ಕಳು, ದಾವಣಗೆರೆಯಿಂದ ಮಗಳ ಮಕ್ಕಳು ಕಣೇಕಲ್ಲಿಗೆ ಬರುತ್ತಾರೆ. ದೊಡ್ಡ ಮೊಮ್ಮಗನಿಗೆ ಹದಿನಾಲ್ಕು ವರ್ಷ. ಅವನಿಗೆ ಫೋಟೋದ ಹುಚ್ಚು. ಈ ಸಲ ಹುಟ್ಟುಹಬ್ಬಕ್ಕೆ ನಾವೇ ಒಂದು ದೊಡ್ಡ ಕ್ಯಾಮೆರಾ ಕೊಡಿಸಿದ್ದೆವು. "ತಾತ, ಕಬಿನಿಗೆ ಹೋಗೋಣ, ನಾಗರಹೊಳೆಗೆ ಹೋಗೋಣ" ಎಂದು ಅವನ ಹಟ. ಆರು ಜನರ ಬಾಡಿಗೆ, ವಸತಿ, ಜೀಪು ಎಲ್ಲ ಲೆಕ್ಕ ಹಾಕಿ ನೋಡಿದೆವು. ಮೇಲಾಗಿ ಅಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಕಂದಮೂಲವಿಲ್ಲದ ಊಟ ಸಿಗುವುದು ಸುಲಭವಲ್ಲ. "ಮೊದಲು ನಮ್ಮ ಊರನ್ನು ನೋಡು, ಆಮೇಲೆ ಪರಊರು" ಎಂದೆವು. ಅವನು ಮುಖ ಸಣ್ಣದು ಮಾಡಿಕೊಂಡ.

ಓದುಗರಲ್ಲಿ ಅನೇಕರು ಕಣೇಕಲ್ಲನ್ನು ನೋಡಿರಲಾರರು. ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ರಾಯದುರ್ಗದ ಸೀಮೆಯಲ್ಲಿ, ಬಳ್ಳಾರಿಯ ಮಗ್ಗುಲಲ್ಲಿರುವ ಊರು. ಅಂಗಡಿಯಲ್ಲಿ ಒಬ್ಬ ಗಿರಾಕಿಯ ಜೊತೆ ಕನ್ನಡ, ಇನ್ನೊಬ್ಬರ ಜೊತೆ ತೆಲುಗು. ಅನಂತಪುರ ಜಿಲ್ಲೆ ಎಂದರೆ ಬರಗಾಲದ ಹೆಸರು. ಆದರೆ ನಮಗೆ ದೊಡ್ಡ ಕೆರೆಯಿದೆ, ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯಿದೆ. ಅವುಗಳ ಕೆಳಗೆ ಭತ್ತ ಬೆಳೆಯುತ್ತದೆ. ಪಕ್ಕದಲ್ಲಿ ಹಗರಿ ನದಿ, ಶಾಸ್ತ್ರದ ಹೆಸರು ವೇದಾವತಿ. ಬೇಸಿಗೆಯಲ್ಲಿ ಕೆರೆ ಹಿಂದೆ ಸರಿದು ನಡುವೆ ಒಂದಿಷ್ಟು ನೀರು ಉಳಿದಾಗ ಸುತ್ತಲಿನ ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವೆ. ಅರವತ್ತು ವರ್ಷ ಈ ಊರಲ್ಲಿದ್ದರೂ ಅವುಗಳನ್ನು ನಿಂತು ನೋಡಿದವರಲ್ಲ ನಾವು. ಕೆರೆ ತುಂಬಿತೇ, ಭತ್ತದ ದರ ಏನಾದೀತು ಎಂಬುದಷ್ಟೇ ನಮ್ಮ ನೋಟವಾಗಿತ್ತು.

ಮೊದಲ ದಿನ ಬೆಳಗಿನ ಐದೂವರೆಗೆಲ್ಲ ಹೊರಟೆವು. ನಮ್ಮ ಮನೆಯವರು ಉಳ್ಳಾಗಡ್ಡಿ ಹಾಕದ ಉಗ್ಗಾಣಿ, ಸೋಸಿದ ನೀರು, ಮಜ್ಜಿಗೆ ಕಟ್ಟಿಕೊಂಡಿದ್ದರು. ನೀರಂಚಿನಲ್ಲಿ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದವು. ತಂತಿಯ ಮೇಲೆ ನೀಲಕಂಠ ಕೂತಿತ್ತು. "ಇದು ಕರ್ನಾಟಕದ ರಾಜ್ಯಪಕ್ಷಿ, ನಮ್ಮ ಪುಸ್ತಕದಲ್ಲಿದೆ" ಎಂದು ದಾವಣಗೆರೆಯ ಮೊಮ್ಮಗಳು ಕುಣಿದಳು. ಮೊಮ್ಮಗನ ಸಿಟ್ಟು ಅರ್ಧ ಗಂಟೆಯಲ್ಲಿ ಇಳಿದುಹೋಯಿತು.

ಎಂಟು ಗಂಟೆಯ ಹೊತ್ತಿಗೆ ಬಿಸಿಲು ಏರಿತ್ತು. ಕೆರೆಯಂಗಳದ ಬರಡು ನೆಲದಲ್ಲಿ ನಡೆಯುತ್ತಿದ್ದಾಗ ಒಂದು ಟಿಟ್ಟಿಭ ಹಕ್ಕಿ ಕೂಗುತ್ತ ನಮ್ಮ ತಲೆಯ ಮೇಲೆಯೇ ಹಾರತೊಡಗಿತು. ಕಣ್ಣಿನ ಮುಂದೆ ಕೆಂಪು ಚರ್ಮ, ಹಳದಿ ಕಾಲು. ಅದರ ಜೋಡಿಯೂ ಬಂತು. ಮೊಮ್ಮಗ ನೆಲ ನೋಡಿ "ತಾತ, ಮೊಟ್ಟೆ!" ಎಂದ. ಗೂಡೆಂಬುದೇ ಇಲ್ಲ. ನೆಲದ ಒಂದು ಸಣ್ಣ ಕುಳಿಯಲ್ಲಿ, ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಹುಡುಗ ಒಂದು ಚಿತ್ರ ತೆಗೆದು ಹಿಂದೆ ಬರುತ್ತಿದ್ದ. ನಾವೇ "ಇಷ್ಟು ದುಡ್ಡು ಕೊಟ್ಟು ತಂದ ಕ್ಯಾಮೆರಾ, ಹತ್ತಿರ ಹೋಗಿ ಚೆನ್ನಾಗಿ ತೆಗಿ, ಹಕ್ಕಿ ಬಂದು ಕೂತಾಗ ತೆಗಿ" ಎಂದೆವು. ಅದು ಬಂದು ಕೂರಲಿ ಎಂದು ಅಲ್ಲೇ ನಿಂತೆವು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷವೇ ಆಯಿತೇನೋ. ಎರಡೂ ಹಕ್ಕಿಗಳು ಸುತ್ತುತ್ತ ಕೂಗುತ್ತಲೇ ಇದ್ದವು. ನಮಗೆ ಅದು ತಮಾಷೆಯಾಗಿ ಕಂಡಿತು.

ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ದೂರದಲ್ಲೇ ನಿಂತು ಹೇಳಿದರು: "ಸಾವ್ಕಾರ್ರೇ, ಹಕ್ಕಿ ಸುಮ್ಮನೆ ಕೂಗಲ್ಲ. ನೀವು ನಿಂತಿರೋದು ಅದರ ಮನೆ ಬಾಗಿಲಾಗ. ಈ ಬಿಸಿಲಿಗೆ ಮೊಟ್ಟೆ ಬೇಯ್ತದ. ಅದು ನೀರಾಗ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆ ಮ್ಯಾಲೆ ಕೂತು ತಂಪು ಮಾಡ್ತದ. ನೀವು ಸರಿದರೆ ಅದು ಬರ್ತದ."

ನಮಗೆ ನಾಚಿಕೆಯಾಯಿತು. ನಮ್ಮ ಮನೆಯವರು "ಏನ್ರೀ, ಪಾಠಶಾಲೆಯಲ್ಲಿ ಮಕ್ಕಳಿಗೆ ಅತಿಚಾರ ಹೇಳಿಕೊಡುವವರು ನೀವೇ ಅಲ್ಲವೇ?" ಎಂದರು. ನಿಜ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾವು ಹಕ್ಕಿಯನ್ನು ಕಟ್ಟಲಿಲ್ಲ, ಹೊಡೆಯಲಿಲ್ಲ. ಆದರೆ ನೀರು ಹೊತ್ತು ತರುವ ತಾಯಿಗೆ ಅಡ್ಡ ನಿಂತದ್ದು ಆ ಐದನೆಯದಕ್ಕೆ ಎಷ್ಟು ದೂರ? ಹಿಂದೆ ಸರಿದು ಏರಿಯ ಮೇಲೆ ಜಾಲಿಮರದ ಕೆಳಗೆ ಕೂತೆವು. ಎರಡು ನಿಮಿಷದಲ್ಲಿ ಒಂದು ಹಕ್ಕಿ ನೀರಿಗೆ ಹೋಯಿತು, ಎದೆ ಹೊಟ್ಟೆ ಅದ್ದಿಕೊಂಡಿತು, ಹೆಜ್ಜೆ ಹೆಜ್ಜೆಯಾಗಿ ನಡೆದು ಬಂದು ಮೊಟ್ಟೆಗಳ ಮೇಲೆ ಕೂತಿತು. ಕೂಗು ನಿಂತಿತು. ಅಷ್ಟು ದೂರದಿಂದ ಕ್ಯಾಮೆರಾದಲ್ಲಿ ಅದು ಬೆರಳುಗಾತ್ರ ಕಂಡರೂ, ಆ ದಿನದ ಒಳ್ಳೆಯ ಚಿತ್ರ ಅದೇ.

ಎರಡನೆಯ ದಿನ ಹಗರಿಯ ಮರಳಿಗೆ ಹೋದೆವು. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ, ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ನಿಂತು, ಮುಂದೆ ಭೈರವಾನಿತಿಪ್ಪ ಅಣೆಕಟ್ಟನ್ನು ದಾಟಿ ಬರುವ ಹೊಳೆ ನಮ್ಮ ಕಡೆ ವರ್ಷದ ಬಹುಭಾಗ ಒಣಗಿರುತ್ತದೆ. ಆಷಾಢದ ಗಾಳಿ ಆ ಒಣ ಮರಳನ್ನು ಎತ್ತಿ ದಂಡೆಯ ಹೊಲಗಳಿಗೆ ಸುರಿಯುತ್ತದೆ. ಕಣೇಕಲ್ಲು, ಬೊಮ್ಮನಹಾಳು ಭಾಗದಲ್ಲಿ, ಮುಖ್ಯವಾಗಿ ದರ್ಗಾ ಹೊನ್ನೂರಿನ ಬಳಿ, ಮರಳುದಿಬ್ಬಗಳೇ ಎದ್ದಿವೆ. ನೋಡಲು ಬಂದವರು ರಾಜಸ್ಥಾನದ ಹಾಗಿದೆ ಎಂದು ಹಿಗ್ಗುತ್ತಾರೆ. ಹೊಲ ಕಳೆದುಕೊಂಡ ರೈತನಿಗೆ ಅದು ಹಿಗ್ಗಲ್ಲ. ಮಕ್ಕಳಿಗೆ ಎರಡನ್ನೂ ಹೇಳಿದೆವು.

ಆದರೆ ಬೆಳಗಿನ ಮರಳು ಒಂದು ಕಿರ್ದಿ ಪುಸ್ತಕ. ರಾತ್ರಿ ಯಾರು ಬಂದರು, ಯಾರು ಹೋದರು ಎಲ್ಲ ಅದರಲ್ಲಿ ಬರೆದಿರುತ್ತದೆ. ದುಂಬಿಯ ಹೊಲಿಗೆಯಂಥ ಸಾಲು, ಹಾವಿನ ಗೆರೆ, ನರಿಯ ಹೆಜ್ಜೆ, ಹಕ್ಕಿಯ ಮೂರು ಬೆರಳು. ಮೊಮ್ಮಗಳು ಒಂದೊಂದನ್ನೂ ಕಾಗದದ ಮೇಲೆ ಬರೆದುಕೊಂಡಳು, ಮೊಮ್ಮಗ ಫೋಟೋ ತೆಗೆದ. ಯಾವ ಪ್ರಾಣಿಗೂ ತೊಂದರೆಯಿಲ್ಲ. ನಮ್ಮ ಮುನಿಗಳ ಈರ್ಯಾಸಮಿತಿಯೆಂದರೆ ನಾಲ್ಕು ಹಸ್ತ ಮುಂದಿನ ನೆಲ ನೋಡುತ್ತ ನಡೆಯುವುದು. ಅದೇನೆಂದು ಮಕ್ಕಳಿಗೆ ಆ ಮರಳಿನ ಮೇಲೆ ಮಾತಿಲ್ಲದೆ ತಿಳಿಯಿತು. ಒಂಬತ್ತು ಗಂಟೆಗೆ ಗಾಳಿ ಬೀಸಿ ಪುಸ್ತಕ ಅಳಿಸಿತು, ನಾವು ಮನೆಗೆ ಬಂದೆವು.

ಮೂರನೆಯ ದಿನ ರಾಯದುರ್ಗ. ಊರಿಗೆ ಹೆಸರು ಕೊಟ್ಟ ಬೆಟ್ಟವನ್ನು ಮಕ್ಕಳು ಕುಣಿದುಕೊಂಡು ಹತ್ತಿದರು, ನಾವು ಅಲ್ಲಲ್ಲಿ ಕೂತು ಹತ್ತಿದೆವು. ಬೆಟ್ಟದ ಬಂಡೆಗಳಲ್ಲಿ ಹಳೆಯ ಜೈನ ಕೆತ್ತನೆಗಳಿವೆ. ನಮ್ಮ ವರ್ತಕ ಬಂಧುಗಳು ತಿಳಿದಿರಬೇಕಾದ ಒಂದು ಸಂಗತಿ ಈ ಊರಿನದು. ವಿಜಯನಗರದ ಒಂದನೆಯ ಹರಿಹರನ ಕಾಲದಲ್ಲಿ, 1355ರಲ್ಲಿ, ಭೋಗರಾಜನೆಂಬ ಜೈನ ವರ್ತಕನು ಇಲ್ಲಿ ಶಾಂತಿನಾಥ ಸ್ವಾಮಿಯ ಬಿಂಬವನ್ನು ಪ್ರತಿಷ್ಠೆ ಮಾಡಿಸಿದನೆಂದು ಶಾಸನ ಹೇಳುತ್ತದೆ. ಅವನ ಅಂಗಡಿಯ ಲಾಭ-ನಷ್ಟ ಇಂದು ಯಾರಿಗೂ ಗೊತ್ತಿಲ್ಲ, ಆ ಒಂದು ಸಾಲು ಉಳಿದಿದೆ. "ಶಾಂತಿನಾಥರ ಲಾಂಛನ ಯಾವುದು?" ಎಂದು ಕೇಳಿದೆವು. "ಜಿಂಕೆ!" ಎಂದು ಮೊಮ್ಮಗಳು ಥಟ್ಟನೆ ಹೇಳಿದಳು.

ಆ ಜಿಂಕೆ ನಾಲ್ಕನೆಯ ದಿನ ಕಣ್ಣಿಗೇ ಬಿತ್ತು. ಉರವಕೊಂಡದ ಮೇಲೆ ಕೊನಕೊಂಡ್ಲಕ್ಕೆ ಹೊರಟಿದ್ದೆವು. ಕೊಂಡಕುಂದೆಯೆಂಬ ಹಳೆಯ ಹೆಸರಿನ ಈ ಊರನ್ನು ಆಚಾರ್ಯ ಕುಂದಕುಂದರ ಊರೆಂದು ಹಿರಿಯರು ನಂಬುತ್ತ ಬಂದಿದ್ದಾರೆ. ದಾರಿಯಲ್ಲಿ ಬೆಳೆ ತೆಗೆದ ಎರೆಹೊಲದಲ್ಲಿ ಕೃಷ್ಣಮೃಗಗಳ ಹಿಂಡು ನಿಂತಿತ್ತು. ತಿರುಚಿದ ಕೊಂಬಿನ ಕಪ್ಪು ಗಂಡು ಒಂದು, ಕಂದು ಬಣ್ಣದ ಹೆಣ್ಣುಗಳು ಏಳೆಂಟು. ಆಂಧ್ರದ ರಾಜ್ಯಪ್ರಾಣಿ ಇದೇ. ಹಿಂದಿನ ನಾವಾಗಿದ್ದರೆ "ಇಳಿದು ಹತ್ತಿರ ಹೋಗು" ಎನ್ನುತ್ತಿದ್ದೆವು. ಈ ಸಲ ಮೊಮ್ಮಗನೇ "ತಾತ, ಯಾರೂ ಬಾಗಿಲು ತೆಗೀಬೇಡಿ. ಈ ಬಿಸಿಲಲ್ಲಿ ಅವು ಓಡಿದರೆ ನಮ್ಮ ಲೆಕ್ಕಕ್ಕೆ" ಎಂದ. ಕಾರಿನ ಇಂಜಿನ್ ನಿಲ್ಲಿಸಿ ಒಳಗೇ ಕೂತೆವು. ಅವು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅಲ್ಲಿಂದ ಕೊನಕೊಂಡ್ಲದ ರಸಸಿದ್ಧುಲ ಗುಟ್ಟವೆಂಬ ಚಿಕ್ಕ ಗುಡ್ಡದ ಮೇಲೆ, ಮುಕ್ಕೊಡೆಯ ಕೆಳಗೆ ನಿಂತ ಜಿನಬಿಂಬಗಳ ದರ್ಶನ ಮಾಡಿ, ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ ತಿರುಗಿ ಬಂದೆವು.

ಮರುದಿನ ಅಂಗಡಿಯಲ್ಲಿದ್ದಾಗ ಆ ಕುರಿಯ ಹಿರಿಯರು ಬೆಲ್ಲ ಕೊಳ್ಳಲು ಬಂದರು. ಟಿಟ್ಟಿಭದ ವಿಷಯ ವಿಚಾರಿಸಿದೆವು. ದೂರದಿಂದಲೇ ದಿನಾ ನೋಡುತ್ತಾರಂತೆ. "ಮೂರೇ ಅದಾವ್ರಿ ಸಾವ್ಕಾರ್ರೇ. ಒಂದು ಕಾಗಿ ಒಯ್ದಿರಬೇಕು. ಮನುಷ್ಯರು ನಿಂತ ಜಾಗ ಕಾಗಿ ನೋಡಿಟ್ಟಿರ್ತದ" ಎಂದರು. ನಮ್ಮಿಂದಲೇ ಹೋಯಿತೋ, ನಾವು ಬಾರದಿದ್ದರೂ ಹೋಗುತ್ತಿತ್ತೋ, ಹೇಳುವುದು ಹೇಗೆ? ಮೊಮ್ಮಗನ ಕಣ್ಣಲ್ಲಿ ನೀರು. "ತಾತ, ಆ ಮೊಟ್ಟೆಯ ಫೋಟೋ ಅಳಿಸಿಬಿಡಲಾ?" ಎಂದ. ಬೇಡ ಎಂದೆವು. ಕೊಡಬೇಕಾದ ಬಾಕಿಯನ್ನು ಖಾತೆಯಿಂದ ಹೊಡೆದುಹಾಕಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. "ಇಟ್ಟುಕೋ, ಯಾರಿಗೂ ಕಳಿಸಬೇಡ. ಮುಂದಿನ ಸಲ ಹತ್ತಿರ ಹೋಗಬೇಕೆನಿಸಿದಾಗ ತೆಗೆದು ನೋಡು. ತಪ್ಪು ನಿನ್ನದಲ್ಲ, ಕಳಿಸಿದ ನಮ್ಮದು" ಎಂದೆವು. ಆ ಸಂಜೆ ಬಸದಿಯಲ್ಲಿ ಪ್ರತಿಕ್ರಮಣಕ್ಕೆ ಕೂತಾಗ ನಮ್ಮ ಮನಸ್ಸಿನಲ್ಲಿ ಬಂದದ್ದು ಆ ಕೂಗೇ.

ನಮ್ಮ ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದರು. ವನ್ಯಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಗೂ ಅಷ್ಟೇ ಹೆಸರಾಗಿದ್ದರು. 1983ರಲ್ಲಿ ಅವರ ಚಿತ್ರಗಳ ಪುಸ್ತಕ ಬಂತು. ಅವರ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ ಮಾತ್ರ. ಹಾಗಾಗಿ ಒಂದು ಚಿತ್ರಕ್ಕಾಗಿ ಕಾಯುವುದೇ ಹೆಚ್ಚಿನ ಕೆಲಸವಾಗಿತ್ತು. ಈಗ ನಮ್ಮ ಮಕ್ಕಳ ಕೈಯಲ್ಲಿ ಸಾವಿರ ಚಿತ್ರವೂ ಬಿಟ್ಟಿ. ಕಾಯುವುದನ್ನು ಮಾತ್ರ ನಾವು ಕಲಿಸಿಕೊಡಬೇಕು.

ಹೊರಡುವ ಕುಟುಂಬಗಳಿಗೆ ನಮ್ಮ ಅನುಭವದ ಕೆಲವು ಮಾತು. ಬೇಸಿಗೆಯಲ್ಲಿ ಬೆಳಗಿನ ಐದೂವರೆಯಿಂದ ಎಂಟರವರೆಗೆ, ಸಂಜೆ ಐದರ ನಂತರ ಮಾತ್ರ ತಿರುಗಿ. ನಡುಹಗಲು ನಮ್ಮ ಸೀಮೆಯಲ್ಲಿ 40 ಡಿಗ್ರಿ ದಾಟುತ್ತದೆ. ಮಣ್ಣಿನ ಬಣ್ಣದ ಬಟ್ಟೆ ಹಾಕಿ. ಗೂಡು ಕಂಡರೆ ನಿಲ್ಲಬೇಡಿ, ಜಾಗವನ್ನು ಮೊಬೈಲಿನಲ್ಲಿ ಹಂಚಬೇಡಿ. ನಮ್ಮ ಕಡೆಯ ಎರೆಭೂತ ಹಕ್ಕಿ, ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವಂಥದ್ದು, ಅದೂ ನೆಲದಲ್ಲೇ ಒಂದೇ ಒಂದು ಮೊಟ್ಟೆ ಇಡುತ್ತದೆ. ಅಲ್ಲಿ ಒಂದು ಹೋದರೆ ಎಲ್ಲವೂ ಹೋದ ಹಾಗೆ. ಇನ್ನೊಂದು ದಿನ ಬಿಡುವಿದ್ದವರು ಹೊಸಪೇಟೆಯ ಕಡೆಯಿರುವ, 1994ರಲ್ಲಿ ಆದ ದರೋಜಿ ಕರಡಿಧಾಮಕ್ಕೆ ಹೋಗಬಹುದು. ಅಲ್ಲಿ ಗೋಪುರದ ಮೇಲೆ ನಿಂತೇ ನೋಡಬೇಕು. ಆ ದೂರವೇ ಅಲ್ಲಿನ ಪಾಠ.

ರಜೆ ಮುಗಿದು ಮಕ್ಕಳು ಬಸ್ಸು ಹತ್ತುವ ಮುನ್ನ ಮೊಮ್ಮಗ ಕೇಳಿದ: "ತಾತ, ಉಳಿದ ಮೂರು ಮರಿಯಾದವೋ ಇಲ್ಲವೋ ನೋಡಿ ಬರೋಣವಾ?" ನಮಗೂ ಹೋಗುವ ಆಸೆ ಬಹಳ ಇತ್ತು. ಇಬ್ಬರೂ ಏರಿಯವರೆಗೆ ಹೋಗಿ, ಅಲ್ಲೇ ನಿಂತು, ಹಕ್ಕಿ ಕೂತಿರುವುದನ್ನು ದೂರದಿಂದ ನೋಡಿ ಹಿಂತಿರುಗಿದೆವು. ಅದು ಕೂಗಲಿಲ್ಲ. ನಮಗೆ ಅಷ್ಟು ಸಾಕಾಯಿತು.